ಎರಡೂವರೆ ವರ್ಷದ ಮಗಳು ನರ್ಸರಿಯಲ್ಲಿ ಬರೀ ಆಡಿ ಬರುತ್ತಾಳೆ, ಮುಂದುವರಿಸಬೇಕಾ ಬೇರೆ ಕಡೆ ಹಾಕಬೇಕಾ?

ಕೋಡಿಬಾಗದ ಅಮ್ಮ
ಎಲ್ಲರಿಗೂ ನಮಸ್ಕಾರ. ನಾವು ಕಾರವಾರದಲ್ಲಿದ್ದೇವೆ. ಮಗಳಿಗೆ ಈಗ ಎರಡೂವರೆ. ಜೂನ್‌ನಿಂದ ಮನೆ ಹತ್ತಿರದ ಒಂದು ಸಣ್ಣ ಪ್ಲೇ ಸ್ಕೂಲಿಗೆ ಹೋಗುತ್ತಿದ್ದಾಳೆ. ಅಲ್ಲಿ ಪುಸ್ತಕ ಇಲ್ಲ, ಸ್ಲೇಟಿಲ್ಲ, ಹೋಮ್‌ವರ್ಕ್ ಇಲ್ಲ. ಏನು ಮಾಡಿದೆ ಅಂತ ಕೇಳಿದರೆ ಒಂದು ದಿನ "ನೀರು" ಅನ್ನುತ್ತಾಳೆ, ಇನ್ನೊಂದು ದಿನ "ಮಣ್ಣು" ಅನ್ನುತ್ತಾಳೆ. ಬಟ್ಟೆ ನೋಡಿದರೇ ಗೊತ್ತಾಗುತ್ತದೆ ಬಿಡಿ. ನಾದಿನಿಯ ಮಗ ಹುಬ್ಬಳ್ಳಿಯಲ್ಲಿ ಇದೇ ವಯಸ್ಸಿಗೆ ಎ ಇಂದ ಝಡ್ ತನಕ ಒಂದೇ ಉಸಿರಿಗೆ ಹೇಳುತ್ತಾನೆ, ಅವರು ವಿಡಿಯೋ ಕಳಿಸುತ್ತಾರೆ, ಅತ್ತೆ ಅದನ್ನು ನನಗೆ ತೋರಿಸಿ ಏನೂ ಹೇಳದೆ ಸುಮ್ನೆ ಫೋನ್ ಕೆಳಗಿಡುತ್ತಾರೆ. ಅದೇ ಜಾಸ್ತಿ ಚುಚ್ಚುತ್ತದೆ.

ಇನ್ನೆರಡು ಸಂಶಯ ಇದೆ. ಒಂದು, ಅಲ್ಲಿ ಅವಳು ಬೇರೆ ಮಕ್ಕಳ ಪಕ್ಕ ಕೂರುತ್ತಾಳೆ, ಆದರೆ ಅವರ ಜೊತೆ ಆಡುವುದಿಲ್ಲ. ಎರಡು, ನಮ್ಮ ಮನೆಯಲ್ಲಿ ಕೊಂಕಣಿ, ಅಲ್ಲಿ ಕನ್ನಡ. ಅವಳು ಎರಡನ್ನೂ ಕಲಸಿ ಮಾತಾಡುತ್ತಾಳೆ. ಇದರಿಂದ ಮಾತು ತಡವಾಗುತ್ತದಾ? ಅನುಭವ ಇದ್ದವರು ಹೇಳಿ.

ಅಡಿಕೆಪೇಟೆ, ಶಿರಸಿ
ನೇರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀರಾಟ ಮಣ್ಣಾಟಕ್ಕೆ ಫೀ ಯಾಕೆ ಕೊಡಬೇಕು? ನಮ್ಮ ಅಂಗಳದಲ್ಲಿ ಎರಡೂ ಪುಕ್ಕಟೆ ಇದೆ. ನಾವೆಲ್ಲ ತೋಟದಲ್ಲಿ ಅಡಿಕೆ ಮರದಿಂದ ಬಿದ್ದ ಹಾಳೆ ಮೇಲೆ ಕೂತು ಎಳೆಸಿಕೊಂಡು ಬೆಳೆದವರು, ಅದಕ್ಕೆ ಯಾರೂ ರಸೀದಿ ಹರಿದು ಕೊಟ್ಟಿರಲಿಲ್ಲ. ಶಾಲೆಗೆ ಅಂತ ಕಳಿಸಿದ ಮೇಲೆ ಏನಾದರೂ ಕಲಿಸಲಿ. ನಾಳೆ ಎಲ್‌ಕೆಜಿ ಸೀಟಿಗೆ ಹೋದಾಗ ಮಗುವಿಗೆ ಅಕ್ಷರ ಬರುತ್ತದಾ ಅಂತಲೇ ಕೇಳುತ್ತಾರೆ, ಮಣ್ಣು ಕಲಸಲು ಬರುತ್ತದಾ ಅಂತ ಯಾರೂ ಕೇಳುವುದಿಲ್ಲ.

ಬಾಲವಾಡಿ ಅಕ್ಕೋರು, ಕುಮಟಾ
ಅಂಗಳ ಇದ್ದು, ಅಂಗಳದಲ್ಲಿ ಮಗುವಿನ ಜೊತೆ ಕೂರುವ ಜನವೂ ಇದ್ದರೆ ಎರಡೂವರೆಗೆ ನರ್ಸರಿ ಬೇಕೇ ಬೇಕು ಅಂತಿಲ್ಲ. ಇದನ್ನು ನರ್ಸರಿ ನಡೆಸುವ ನಾನೇ ಹೇಳುತ್ತಿದ್ದೇನೆ. ಆದರೆ ಈಗ ಎಷ್ಟು ಮನೆಯಲ್ಲಿ ಎರಡೂ ಇದೆ? ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ, ಅಜ್ಜಿಗೆ ಮಂಡಿನೋವು, ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿ ಆಗಿದೆ. ಉಳಿಯುವುದು ಮೊಬೈಲು.

ಕೋಡಿಬಾಗದವರೇ, "ನಮ್ಮಲ್ಲಿ ಆಟದ ಮೂಲಕ ಕಲಿಕೆ" ಅಂತ ಈಗ ಎಲ್ಲರೂ ಬೋರ್ಡಿನಲ್ಲಿ ಬರೆಸುತ್ತಾರೆ. ಅದನ್ನು ನಂಬಬೇಡಿ. ಮಕ್ಕಳು ಆಡುವ ಹೊತ್ತಿಗೆ ಅಕ್ಕೋರು ಎಲ್ಲಿರುತ್ತಾರೆ, ಏನು ಮಾಡುತ್ತಾರೆ, ಅದನ್ನು ಒಂದು ದಿನ ಹೋಗಿ ನೋಡಿ. ಕುರ್ಚಿಯಲ್ಲಿ ಕೂತು ಫೋನ್ ನೋಡುತ್ತಿದ್ದರೆ ಅಡಿಕೆಪೇಟೆಯವರು ಹೇಳಿದ್ದೇ ಸರಿ, ಫೀ ದಂಡ. ಕೆಳಗೆ ಮಕ್ಕಳ ಮಟ್ಟಕ್ಕೆ ಕೂತು ನೋಡುತ್ತ, ನಡುನಡುವೆ ಒಂದೊಂದು ಮಾತಾಡುತ್ತ ಇದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ ಅಂತ ತಿಳಿಯಿರಿ.

ನೀರಿನ ಆಟವನ್ನೇ ತೆಗೆದುಕೊಳ್ಳಿ. ಒಂದು ಬೇಸಿನ್, ಎರಡು ಗೆರಟೆ (ತೆಂಗಿನ ಚಿಪ್ಪು), ಒಂದು ಲೋಟ, ಒಂದು ತೂತು ಇರುವ ಡಬ್ಬಿ. ಮಗು ಲೋಟದಿಂದ ಗೆರಟೆಗೆ ಸುರಿಯಬೇಕಾದರೆ ಮಣಿಕಟ್ಟು ತಿರುಗಬೇಕು, ಇನ್ನೊಂದು ಕೈ ಗೆರಟೆಯನ್ನು ಅಲ್ಲಾಡದಂತೆ ಹಿಡಿಯಬೇಕು, ಕಣ್ಣು ಎರಡನ್ನೂ ನೋಡಬೇಕು, ತುಂಬಿದ ಕೂಡಲೇ ನಿಲ್ಲಿಸಬೇಕು. ಮೊದಮೊದಲು ನಿಲ್ಲಿಸಲು ಬರುವುದಿಲ್ಲ, ಚೆಲ್ಲಿ ಹೋಗುತ್ತದೆ. ಕೆಲವು ವಾರ ಆದ ಮೇಲೆ ಅಂಚಿಗೆ ಬಂದಾಗ ಕೈ ತಾನೇ ನಿಧಾನ ಆಗುತ್ತದೆ. ನನಗೆ ಇಡೀ ವರ್ಷದಲ್ಲಿ ತುಂಬಾ ಖುಷಿ ಕೊಡುವ ವಿಷಯ ಇದು. ತೂತು ಡಬ್ಬಿ ಕೊಟ್ಟರೆ ತುಂಬಲೇ ಇಲ್ಲ ಯಾಕೆ ಅಂತ ತಿರುಗಿಸಿ ನೋಡುತ್ತಾವೆ, ಬೆರಳಿಟ್ಟು ಮುಚ್ಚಿ ನೋಡುತ್ತಾವೆ. ಆಗ ಪಕ್ಕದಲ್ಲಿ ಕೂತವರು "ಓ, ಸೋರಿ ಹೋಯ್ತು" ಅಂದರೆ ಸಾಕು. "ಸೋರು" ಅನ್ನುವ ಮಾತು ಆ ಮಗುವಿಗೆ ಕೈಯಲ್ಲೇ ಸಿಕ್ಕಿತು.

ಇಲ್ಲಿ ಹೆಚ್ಚಿನವರು ಮಾಡುವುದು ಏನೆಂದರೆ ಪರೀಕ್ಷೆ ಶುರು ಮಾಡುತ್ತಾರೆ. ಇದು ಯಾವ ಬಣ್ಣ? ಇದು ಎಷ್ಟು? ಹೇಳು, ಹೇಳು ಪುಟ್ಟಾ. ಮಗು ಎದ್ದು ಹೋಗುತ್ತದೆ. ಕೇಳುವುದು ಕಡಿಮೆ ಮಾಡಿ, ಅದು ಮಾಡುತ್ತಿರುವುದನ್ನು ಹೇಳಿ, ಹೇಳಿ ಸ್ವಲ್ಪ ಹೊತ್ತು ಬಾಯಿ ಮುಚ್ಚಿ ಕಾಯಿರಿ. ಈ ಕಾಯುವುದೇ ಕಷ್ಟ. ಹೊಸದಾಗಿ ಸೇರುವ ಸಹಾಯಕಿಯರಿಗೆ ನಾನು ಮೊದಲು ಹೇಳಿಕೊಡುವುದು ಅದನ್ನೇ.

ಕೋಡಿಬಾಗದ ಅಮ್ಮ
ಥ್ಯಾಂಕ್ಸ್ ಅಕ್ಕೋರೆ. ಹಾಗಾದರೆ ಪೆನ್ಸಿಲ್ ಯಾವಾಗ ಕೊಡಬೇಕು? ಅತ್ತೆಯವರ ಮುಖ್ಯ ಪ್ರಶ್ನೆ ಅದು.

ನೇತ್ರಾಣಿ
ನಾನು ಮಕ್ಕಳ ಥೆರಪಿ ಕ್ಷೇತ್ರದಲ್ಲಿ ಕೆಲಸ ಮಾಡುತ್ತೇನೆ, ಭಟ್ಕಳ ಕಡೆಯವಳು. ಪೆನ್ಸಿಲ್ ಬಗ್ಗೆ ಅತ್ತೆಯವರಿಗೆ ಹೀಗೆ ಹೇಳಿ. ಹುಟ್ಟುವಾಗ ಮಗುವಿನ ಮಣಿಕಟ್ಟಿನ ಸಣ್ಣ ಮೂಳೆಗಳು ಇನ್ನೂ ಮೂಳೆಯೇ ಆಗಿರುವುದಿಲ್ಲ, ಮೆದು ಎಲುಬು ಇರುತ್ತದೆ. ಮೊದಲ ಕೆಲವು ತಿಂಗಳಲ್ಲಿ ಒಂದೆರಡು ಗಟ್ಟಿಯಾಗಲು ಶುರುವಾಗುತ್ತವೆ, ಉಳಿದವು ವರ್ಷಗಟ್ಟಲೆ ತೆಗೆದುಕೊಳ್ಳುತ್ತವೆ. ಎರಡು ವರ್ಷದ ಮಗು ಬಳಪವನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಗೀಚುವಾಗ ಇಡೀ ತೋಳು ಆಡುತ್ತದೆ. ಮೂರು ಬೆರಳಲ್ಲಿ ಹಿಡಿಯುವ ಹಿಡಿತ ಸುಮಾರು ನಾಲ್ಕರ ಹೊತ್ತಿಗೆ ಬರುತ್ತದೆ. ಎರಡೂವರೆಗೆ ಚುಕ್ಕೆ ಜೋಡಿಸಿ "ಅ" ಬರೆಸಿದರೆ ಮಗು ಏನೋ ಒಂದು ಹಿಡಿತ ಹುಡುಕಿಕೊಂಡು ಬರೆಯುತ್ತದೆ, ಆ ಹಿಡಿತ ಆಮೇಲೆ ಬಿಡಿಸಲು ಕಷ್ಟ. ದಪ್ಪ ಬಳಪ, ಸೀಮೆಸುಣ್ಣ, ನೆಲ, ಗೋಡೆಗೆ ಅಂಟಿಸಿದ ದೊಡ್ಡ ಕಾಗದ, ಇಷ್ಟು ಕೊಡಿ. ನಿಂತು ಗೀಚಿದರೆ ಭುಜಕ್ಕೂ ಒಳ್ಳೆಯದು. ಚಪಾತಿ ಹಿಟ್ಟು ಕೊಡಿ, ಬಟ್ಟೆ ಕ್ಲಿಪ್ ಕೊಡಿ, ಬಟಾಣಿ ಸುಲಿಯಲು ಕೊಡಿ. ಹಾಂ, ಸುಲಿದ ಬಟಾಣಿ ಬಾಯಿಗೆ, ಮೂಗಿಗೆ ಹೋಗದಂತೆ ಪಕ್ಕದಲ್ಲೇ ಇರಬೇಕು.

ಪಕ್ಕ ಕೂತು ತನ್ನಷ್ಟಕ್ಕೇ ಆಡುವುದು ಈ ವಯಸ್ಸಿಗೆ ಸರಿಯಾದದ್ದೇ. 1932ರಲ್ಲೇ ಮಿಲ್ಡ್ರೆಡ್ ಪಾರ್ಟೆನ್ ಎಂಬ ಸಂಶೋಧಕಿ ಚಿಕ್ಕ ಮಕ್ಕಳ ಆಟವನ್ನು ಗಮನಿಸಿ ಬರೆದಿದ್ದಾರೆ: ಮೊದಲು ಒಬ್ಬರೇ ಆಡುವುದು, ಆಮೇಲೆ ಅಕ್ಕಪಕ್ಕ ಕೂತು ಅದೇ ಆಟ ಬೇರೆಬೇರೆ ಆಡುವುದು, ಆಮೇಲೆ ಸಾಮಾನು ಕೊಟ್ಟು ತೆಗೆದುಕೊಳ್ಳುವುದು, ಕೊನೆಗೆ ಸೇರಿ ಆಡುವುದು. ನಿಮ್ಮ ಮಗಳು ಎರಡನೆಯದರಲ್ಲಿದ್ದಾಳೆ. ಪಕ್ಕದವರು ಏನು ಮಾಡುತ್ತಾರೆ ಅಂತ ಓರೆಗಣ್ಣಲ್ಲಿ ನೋಡಿ ತಾನೂ ಹಾಗೇ ಮಾಡುತ್ತಾಳಾ? ಮಾಡಿದರೆ ಒಳ್ಳೆ ಲಕ್ಷಣ.

ದಾಂಡೇಲಿ ಅಪ್ಪ
ನಮ್ಮವನು ಸೇರಿ ಆಡುವುದೂ ಇಲ್ಲ, ಪಕ್ಕ ಕೂತು ಆಡುವುದೂ ಇಲ್ಲ, ಕಚ್ಚುತ್ತಾನೆ. ಎರಡು ವರ್ಷ. ದಿನಾ ಕಂಪ್ಲೇಂಟ್.

ಬಾಲವಾಡಿ ಅಕ್ಕೋರು, ಕುಮಟಾ
ದಾಂಡೇಲಿಯವರೇ, ಎರಡು ವರ್ಷಕ್ಕೆ ಕಚ್ಚುವುದು ಹೊಸತಲ್ಲ. ಬೇಕು ಅನ್ನುವುದು ಜಾಸ್ತಿ, ಹೇಳುವ ಮಾತು ಕಡಿಮೆ, ಬಾಯಿ ಮುಂದೆ ಹೋಗುತ್ತದೆ. ಯಾವ ಹೊತ್ತಿಗೆ ಕಚ್ಚುತ್ತಾನೆ ಅಂತ ಅವರಿಗೆ ಬರೆದಿಡಲು ಹೇಳಿ. ಸಾಮಾನ್ಯವಾಗಿ ಹಸಿವಿನ ಹೊತ್ತು, ನಿದ್ದೆಯ ಹೊತ್ತು, ಇಲ್ಲಾ ಒಂದೇ ಕೆಂಪು ಕಾರಿಗೆ ಮೂವರು ಇದ್ದಾಗ. ಒಂದೇ ತರದ ಸಾಮಾನು ಎರಡು ಮೂರು ಇಟ್ಟರೆ ಅರ್ಧ ಗಲಾಟೆ ಮುಗಿಯುತ್ತದೆ. "ಶೇರ್ ಮಾಡು" ಅಂತ ಎರಡು ವರ್ಷದವನಿಗೆ ಹೇಳಿ ಉಪಯೋಗ ಇಲ್ಲ. "ಕೊಡು" ಅನ್ನಲು, ಕೈ ಚಾಚಲು ಹೇಳಿಕೊಡಿ. ಬುದ್ಧಿ ಬರಲಿ ಅಂತ ತಿರುಗಿ ಕಚ್ಚುವವರೂ ಇದ್ದಾರೆ, ದಯವಿಟ್ಟು ಬೇಡ.

ಮೀನುಪೇಟೆ ಬಾಯಿ, ಅಂಕೋಲಾ
ಭಾಷೆ ವಿಷಯ ನಾನು ಹೇಳುತ್ತೇನೆ. ನಮ್ಮ ಮನೆಯಲ್ಲಿ ಕೊಂಕಣಿ, ಪಕ್ಕದ ಮನೆಯಲ್ಲಿ ಕನ್ನಡ, ಮಾರ್ಕೆಟ್ಟಿನಲ್ಲಿ ಮರಾಠಿ, ಹಿಂದಿ ಎಲ್ಲಾ. ಈ ಕರಾವಳಿಯಲ್ಲಿ ಯಾರ ಮನೆಯಲ್ಲಿ ಒಂದೇ ಭಾಷೆ ಇದೆ ಹೇಳಿ? ನನ್ನ ಮಗನೂ ಕಲಸಿಯೇ ಮಾತಾಡಿದ. ಮೂರೂವರೆ ಹೊತ್ತಿಗೆ ಯಾರ ಹತ್ತಿರ ಯಾವುದು ಅಂತ ತಾನೇ ಬೇರೆ ಮಾಡಿಕೊಂಡ. ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಮೊದಲು ಹಾಕಿದ್ದ ಒಂದು ಶಾಲೆಯಲ್ಲಿ "ಮನೆಯಲ್ಲಿ ಇಂಗ್ಲಿಷ್ ಮಾತಾಡಿ, ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತದೆ" ಅಂದರು. ನನ್ನ ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಅಂದರೆ ಇಡೀ ದಿನ ಮಗು ನೋಡಿಕೊಳ್ಳುವ ಅಜ್ಜಿ ಸುಮ್ಮನಿರಬೇಕಾ?

ನೇತ್ರಾಣಿ
ಬಾಯಿ ಹೇಳಿದ್ದು ಸರಿ. ಎರಡು ಭಾಷೆ ಕೇಳಿ ಬೆಳೆದರೆ ಮಾತು ತಡ ಆಗುವುದಿಲ್ಲ, ಕಲಸಿ ಆಡುವುದು ಗೊಂದಲದ ಗುರುತೂ ಅಲ್ಲ. ಶಬ್ದ ಎಣಿಸುವಾಗ ಎರಡೂ ಭಾಷೆಯದ್ದು ಸೇರಿಸಿ ಎಣಿಸಬೇಕು. ಅಜ್ಜಿಗೆ ಯಾವ ಭಾಷೆಯಲ್ಲಿ ಬಾಯಿ ತುಂಬಾ ಮಾತಾಡಲು ಬರುತ್ತದೋ ಅದರಲ್ಲೇ ಆಡಲಿ.

ಆದರೆ "ಆಟ ಆಡಲಿ, ತಾನೇ ಬರುತ್ತದೆ" ಅಂತ ಎಲ್ಲವನ್ನೂ ಬಿಟ್ಟು ಕೂರಬೇಡಿ. ನಡಿಗೆಗೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಅವಧಿ ತುಂಬಾ ಅಗಲ: 8.2ರಿಂದ 17.6 ತಿಂಗಳ ನಡುವೆ ಯಾವಾಗ ಬೇಕಾದರೂ ಮಗು ಸ್ವಂತ ನಡೆಯಬಹುದು. ಹಾಗಾಗಿ ಹನ್ನೆರಡು ತಿಂಗಳಿಗೆ ನಡೆಯಲಿಲ್ಲ ಅಂತ ಅಳಬೇಡಿ. ಒಂದೂವರೆ ವರ್ಷ ಕಳೆದರೂ ನಡೆಯದಿದ್ದರೆ ತೋರಿಸಿ. ಎರಡು ವರ್ಷಕ್ಕೆ "ಹಾಲು ಬೇಕು", "ಅಪ್ಪ ಹೋದ" ತರ ಎರಡು ಶಬ್ದ ಸೇರಿಸಲು ಬರಬೇಕು. ಹೆಸರು ಕರೆದರೆ ತಿರುಗುವುದಿಲ್ಲ, ಬೆರಳು ತೋರಿಸಿ ನಿಮಗೆ ಏನನ್ನೂ ತೋರಿಸುವುದಿಲ್ಲ, ಗೊಂಬೆಗೆ ಊಟ ಮಾಡಿಸುವ ತರದ ಸುಳ್ಳು ಸುಳ್ಳು ಆಟ ಬರಲೇ ಇಲ್ಲ ಅಂದರೆ ಕಾಯಬೇಡಿ. ಬರುತ್ತಿದ್ದ ಮಾತು ಅಥವಾ ಆಟ ನಿಂತು ಹೋದರೆ, ಯಾವ ವಯಸ್ಸಿಗೇ ಆಗಲಿ, ಕೂಡಲೇ ಡಾಕ್ಟರ ಹತ್ತಿರ ಹೋಗಿ. ಮಾತು ತಡ ಅಂದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. "ಅವನ ಅಪ್ಪನೂ ತಡವಾಗಿಯೇ ಮಾತಾಡಿದ್ದು" ಅನ್ನುವ ಸಮಾಧಾನ ಎಷ್ಟೋ ಮಕ್ಕಳ ಒಂದೆರಡು ವರ್ಷ ತಿಂದಿದೆ.

ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಆರ್‌ಬಿಎಸ್‌ಕೆ ತಂಡ ಬರುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅದು, ಪುಕ್ಕಟೆ. ಬೆಳವಣಿಗೆ ತಡ ಆಗಿದೆಯಾ ಅಂತಲೂ ನೋಡುತ್ತಾರೆ. ಖಾಸಗಿ ನರ್ಸರಿಗೆ ಹೋಗುವ ಮಕ್ಕಳ ಮನೆಯವರಿಗೆ ಇದು ಗೊತ್ತೇ ಇರುವುದಿಲ್ಲ. ನಿಮ್ಮ ಏರಿಯಾದ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ, ಬರುವ ದಿನ ಹೇಳುತ್ತಾರೆ.

ನಿವೃತ್ತ ಮಾಸ್ತರ, ಹೊನ್ನಾವರ
ಎಲ್ಲರ ಮಾತೂ ಓದಿದೆ. ಅಂಗಳದ ಪ್ರಸ್ತಾಪ ಬಂದಿತಲ್ಲ, ಅದಕ್ಕೆ ಸ್ವಲ್ಪ ಹಿಂದಿನ ಕತೆ ಸೇರಿಸುತ್ತೇನೆ. ಪುಟ್ಟ ಮಕ್ಕಳ ಶಿಕ್ಷಣಕ್ಕೆ ದುಡಿದ ತಾರಾಬಾಯಿ ಮೋಡಕ್ ಮತ್ತು ಗಿಜುಭಾಯಿ ಬಧೇಕಾ ಸೇರಿ 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. ಮೊಂಟೆಸ್ಸರಿ ಪದ್ಧತಿಯಿಂದ ಪ್ರಭಾವಿತರಾದವರು ಇಬ್ಬರೂ. ಆದರೆ ಆ ಪದ್ಧತಿಯ ಸಾಮಾನು ದುಬಾರಿ, ಹಳ್ಳಿಗೆ ಎಟಕುವುದಿಲ್ಲ. 1945ರಲ್ಲಿ ತಾರಾಬಾಯಿ ಮಹಾರಾಷ್ಟ್ರ ಕರಾವಳಿಯ ಬೋರ್ಡಿಯಲ್ಲಿ ಹಳ್ಳಿ ಮಕ್ಕಳಿಗಾಗಿ ಕೆಲಸ ಶುರು ಮಾಡಿದರು, ಅನುತಾಯಿ ವಾಘ್ ಜೊತೆಗಿದ್ದರು. ಊರಲ್ಲೇ ಸಿಗುವ ವಸ್ತುಗಳಲ್ಲಿ ಆಟಿಕೆ ಮಾಡಿದರು. ಬಡ ಆದಿವಾಸಿ ಮಕ್ಕಳು ಶಾಲೆಗೆ ಬರಲಿಲ್ಲ, ಆಗ ಶಿಕ್ಷಕಿಯರೇ ಅವರ ಕೇರಿಗೆ ಹೋಗಿ ಅಂಗಳದಲ್ಲಿ ಕೂತರು. ಮುಂದೆ 1975ರ ಅಕ್ಟೋಬರ್ 2ರಂದು ಸರ್ಕಾರದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಬಂತು, ಅಂಗನವಾಡಿ ಮನೆಮಾತಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಶುರುವಾದದ್ದು ಟಿ. ನರಸೀಪುರದಲ್ಲಿ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಆಟದಿಂದ ಕಲಿಸುವುದು ಪೇಟೆಯವರು ಈಚೆಗೆ ತಂದ ಫ್ಯಾಷನ್ ಅಂತ ಅಡಿಕೆಪೇಟೆಯವರ ಮಾತಿನ ಧಾಟಿ ಇದೆ. ನಮ್ಮ ಅಂಗನವಾಡಿಯ "ಚಿಲಿಪಿಲಿ" ಕಾರ್ಯಕ್ರಮವೂ ಹಾಡು, ಕತೆ, ಆಟದ ಮೇಲೆಯೇ ನಿಂತಿದೆ. ಜನ ಅದನ್ನು ಬಿಟ್ಟು ಟೈ ಕಟ್ಟಿಸುವ ಕಡೆ ಹೋದರು, ಅಷ್ಟೆ.

ಅಡಿಕೆಪೇಟೆ, ಶಿರಸಿ
ಮಾಸ್ತರರೇ, ಫ್ಯಾಷನ್ ಅನ್ನಲಿಲ್ಲ ನಾನು, ದುಡ್ಡು ಅಂದೆ. ಅಂಗನವಾಡಿಯಲ್ಲಿ ಮೂರು ವರ್ಷದ ಕೆಳಗಿನವರನ್ನು ಕೂರಿಸಿಕೊಳ್ಳುವುದಿಲ್ಲ, ಮನೆಗೆ ರೇಷನ್ ಕೊಟ್ಟು ಕಳಿಸುತ್ತಾರೆ. ಎರಡೂವರೆ ವರ್ಷದವರಿಗೆ ಇರುವುದು ಖಾಸಗಿ ಮಾತ್ರ. ಅವರು ಕೇಳಿದ್ದು ಕೊಡಬೇಕು. ಎಲ್‌ಕೆಜಿ ಸೀಟಿನ ಪ್ರಶ್ನೆಗೂ ಯಾರೂ ಉತ್ತರ ಹೇಳಲಿಲ್ಲ.

ಬಾಲವಾಡಿ ಅಕ್ಕೋರು, ಕುಮಟಾ
ಮೂರರ ಕೆಳಗಿನವರಿಗೆ ಜಾಗ ಇಲ್ಲ ಅನ್ನುವುದು ನಿಜವಾದ ತೊಂದರೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕೆಲವು ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಇದೆ, ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮಕ್ಕಳಿಗೆ. ಪೇಟೆಯವರಿಗೆ ಅದು ಸಿಗುವುದಿಲ್ಲ. ಮನೆಯಲ್ಲೇ ಮಾಡಲು ಕೇಂದ್ರ ಸರ್ಕಾರ 2024ರಲ್ಲಿ ಹುಟ್ಟಿನಿಂದ ಮೂರು ವರ್ಷದ ತನಕದ ಮಕ್ಕಳಿಗೆ "ನವಚೇತನ" ಅಂತ ಒಂದು ಚೌಕಟ್ಟು ತಂದಿದೆ, ತಿಂಗಳು ತಿಂಗಳಿಗೆ ಯಾವ ಆಟ ಅಂತ ಇದೆ. ಒಳ್ಳೆಯದಿದೆ, ದುಡ್ಡು ಬೇಡ.

ಸೀಟಿನ ವಿಷಯ. ಶಾಲೆ ಶಿಕ್ಷಣದ ಮೊದಲ ಹಂತಕ್ಕೆ 2022ರ ಅಕ್ಟೋಬರ್‌ನಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿ 3ರಿಂದ 6ರ ಮಕ್ಕಳಿಗೆ ಪಠ್ಯಪುಸ್ತಕವೇ ನಿಗದಿ ಮಾಡಬಾರದು ಅಂತಿದೆ. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ 6 ವರ್ಷ ತುಂಬಬೇಕು ಅನ್ನುವ ನಿಯಮ ಬಂದಿದೆ (2025-26ಕ್ಕೆ ಮಾತ್ರ 5 ವರ್ಷ 5 ತಿಂಗಳು ಅಂತ ಸಡಿಲಿಸಿದ್ದರು). ಅಂದರೆ ಈ ಮಗುವಿಗೆ ಒಂದನೇ ತರಗತಿಗೆ ಇನ್ನೂ ಮೂರೂವರೆ ವರ್ಷ ಇದೆ. ಎರಡೂವರೆಗೆ ಅಕ್ಷರ ಕಲಿಸಿ ಎಲ್ಲಿಗೆ ಓಡಿಸುವುದು?

ಎ ಇಂದ ಝಡ್ ಬಾಯಿಪಾಠ ಹೇಳುವುದು ಹಾಡು ಹೇಳಿದ ಹಾಗೆ. ಹಾಡಲಿ, ತಪ್ಪಿಲ್ಲ. ಅದನ್ನು ಓದು ಅಂದುಕೊಳ್ಳಬೇಡಿ.

ಹಾಳೆಬಂಡಿ, ಸಿದ್ದಾಪುರ
ಎಲ್ಲ ಸರಿ, ಮಳೆಗಾಲಕ್ಕೆ ಏನು ಮಾಡುತ್ತೀರಿ? ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಅಂಗಳ ಅನ್ನುವುದೇ ಇಲ್ಲ. ನಮ್ಮ ಮಗಳು ಮನೆಯೊಳಗೆ ಸೋಫಾ ಹತ್ತಿ ಹಾರುತ್ತಾಳೆ, ಟಿವಿ ಹಾಕಿ ಕೂರಿಸುವುದು ಬಿಟ್ಟು ಬೇರೆ ದಾರಿ ಕಾಣುತ್ತಿಲ್ಲ.

ನೇತ್ರಾಣಿ
ಹಾರಲಿ, ಕೆಳಗೆ ಹಾಸಿಗೆ ಹಾಕಿ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಸೂಚನೆಯಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ ಬೇಕು ಅಂತಿದೆ. ಬಿಡಿಬಿಡಿಯಾಗಿ ಆದರೂ ಸಾಕು. ಒಂದು ವರ್ಷದವರಿಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕರವರಿಗೆ ಒಂದು ಗಂಟೆಗಿಂತ ಜಾಸ್ತಿ ಬೇಡ. ಮೂರು ಗಂಟೆ ಓಡಾಟ ಮನೆಯೊಳಗೂ ಆಗುತ್ತದೆ. ದಿಂಬಿನ ಗುಡ್ಡ, ಮಂಚದ ಕೆಳಗೆ ತೆವಳುವುದು, ಅಡಿಗೆಮನೆಯಿಂದ ಒಂದೊಂದೇ ಆಲೂಗಡ್ಡೆ ಹೊತ್ತು ಜಗುಲಿಗೆ ತಂದು ಹಾಕುವುದು. ಭಾರ ಹೊರುವುದು, ಎಳೆಯುವುದು, ತಳ್ಳುವುದು ಅಂದರೆ ಈ ವಯಸ್ಸಿನವರಿಗೆ ತುಂಬಾ ಇಷ್ಟ, ಮೈಯೂ ಶಾಂತ ಆಗುತ್ತದೆ.

ಬಾಲವಾಡಿ ಅಕ್ಕೋರು, ಕುಮಟಾ
ನಿಮ್ಮ ಹೆಸರಲ್ಲೇ ಉತ್ತರ ಇದೆ ಅಲ್ವಾ! ನಾವು ಮಳೆಗಾಲದಲ್ಲಿ ಜಗುಲಿಯಲ್ಲಿ ಹಾಳೆ ಎಳೆಯುತ್ತೇವೆ. ದೊಡ್ಡವರು ಎಳೆದು ಮಕ್ಕಳನ್ನು ಕೂರಿಸುವುದಲ್ಲ, ಮಕ್ಕಳೇ ಎಳೆಯಬೇಕು, ಮೇಲೆ ಒಂದು ತೆಂಗಿನಕಾಯಿ ಇಟ್ಟುಕೊಂಡು. ಕಾಯಿ ಉರುಳುತ್ತದೆ, ನಿಲ್ಲುತ್ತಾವೆ, ಮತ್ತೆ ಇಡುತ್ತಾವೆ. ಒಂದು ಕಾಯಿ ಬದಲು ಎರಡು ಇಟ್ಟರೆ ಯಾಕೆ ಭಾರ ಅಂತ ಮುಖ ನೋಡಬೇಕು. ಹಾಳೆಯ ಅಂಚು ಕೈ ಕೊಯ್ಯುತ್ತದೆ, ಅದಕ್ಕೆ ಬಟ್ಟೆ ಸುತ್ತಿ.

ಮಳೆ ನೀರಲ್ಲಿ ಆಡಿಸುವವರು ಚರಂಡಿ ಸೇರುವ ನೀರಿಗೆ, ಹೊಲಗದ್ದೆಯಲ್ಲಿ ನಿಂತ ನೀರಿಗೆ ಬಿಡಬೇಡಿ, ಇಲಿಜ್ವರದ ಭಯ ಇದೆ. ಸೂರಿನ ಕೆಳಗೆ ಕೊಡಪಾನ ಇಟ್ಟು ಹಿಡಿದ ನೀರು ಸಾಕು. ಆಟ ಮುಗಿದ ಕೂಡಲೇ ಬಕೆಟ್ ಬೋರಲು ಹಾಕಿ. ಗೇಣುದ್ದ ನೀರೂ ಈ ವಯಸ್ಸಿಗೆ ಅಪಾಯ, ಸದ್ದೇ ಆಗುವುದಿಲ್ಲ.

ಇನ್ನೊಂದು. ಎಲ್ಲ ಆಟಿಕೆ ಒಟ್ಟಿಗೆ ಸುರಿಯಬೇಡಿ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16 ಆಟಿಕೆ ಕೊಟ್ಟಾಗಿನದಕ್ಕಿಂತ 4 ಮಾತ್ರ ಕೊಟ್ಟಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ತರಹ ಆಡಿದರು. ನಾವು ನಾಲ್ಕು ಬುಟ್ಟಿ ಮಾಡಿ ವಾರಕ್ಕೊಂದು ಇಳಿಸುತ್ತೇವೆ. ಹುಟ್ಟುಹಬ್ಬಕ್ಕೆ ಬಂದ ಬ್ಯಾಟರಿ ಆಟಿಕೆ ಅಟ್ಟದ ಮೇಲಿರಲಿ.

ಅಡಿಕೆಪೇಟೆ, ಶಿರಸಿ
ಹಾಳೆ ಬೇಕಾದರೆ ನಮ್ಮ ತೋಟದಿಂದ ಒಯ್ಯಿರಿ. ಫೀ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ಕೋಡಿಬಾಗದ ಅಮ್ಮ
ನಿನ್ನೆ ಅರ್ಧ ದಿನ ಅಲ್ಲೇ ಹೋಗಿ ಕೂತೆ. ಇಬ್ಬರು ಅಕ್ಕೋರು ಇದ್ದಾರೆ, ಹದಿನಾರು ಮಕ್ಕಳು. ಒಬ್ಬರು ಪೂರ್ತಿ ಹೊತ್ತು ನೆಲದಲ್ಲೇ ಇದ್ದರು, ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆಯುತ್ತಲೂ ಇದ್ದರು. ನನ್ನ ಮಗಳ ಪುಟ ತೋರಿಸಿದರು: "ಮುಚ್ಚಳ ತಿರುಗಿಸಿ ತೆಗೆದಳು, ಹಾಕಲು ಬರಲಿಲ್ಲ, ಸಿಟ್ಟು ಬಂತು, ಮತ್ತೆ ಹಾಕಿದಳು." ಹೋದ ತಿಂಗಳದ್ದೂ ಇತ್ತು. ಇನ್ನೊಬ್ಬರು ಮಾತ್ರ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದರಲ್ಲೇ ಬ್ಯುಸಿ. ಸದ್ಯಕ್ಕೆ ಬಿಡಿಸುವುದಿಲ್ಲ ಅಂತ ತೀರ್ಮಾನ ಮಾಡಿದ್ದೇವೆ. ಅತ್ತೆ ಇನ್ನೂ ಒಪ್ಪಿಲ್ಲ. ಆದರೆ ಮೊನ್ನೆ ಅವರೇ ಅವಳ ಜೊತೆ ಕೂತು ಬೆಳ್ಳುಳ್ಳಿ ಸುಲಿದರು.

ಹದಿನಾರಕ್ಕೆ ಇಬ್ಬರು ಸಾಕಾ? ಅವರು ಮನೆಯಿಂದ ಆಟದ ಸಾಮಾನು ತರಲು ಹೇಳಿದ್ದಾರೆ, ಪ್ಲಾಸ್ಟಿಕ್ ಬೇಡ ಅಂತೆ. ಏನು ಕೊಡಲಿ?

ಬಾಲವಾಡಿ ಅಕ್ಕೋರು, ಕುಮಟಾ
ಮೂರರ ಕೆಳಗಿನ ಹತ್ತು ಮಕ್ಕಳಿಗೆ ಒಬ್ಬರು ಅಂತ 2013ರ ರಾಷ್ಟ್ರೀಯ ಇಸಿಸಿಇ (ಪುಟ್ಟ ಮಕ್ಕಳ ಆರೈಕೆ ಮತ್ತು ಶಿಕ್ಷಣ) ನೀತಿಯ ಜೊತೆ ಬಂದ ಗುಣಮಟ್ಟದಲ್ಲಿದೆ. ಲೆಕ್ಕಕ್ಕೆ ಸಾಕು. ಒಬ್ಬರು ಫೋನಿನಲ್ಲಿದ್ದರೆ ಹದಿನಾರಕ್ಕೆ ಒಬ್ಬರೇ ಆಯಿತು, ಅದನ್ನು ಮೆತ್ತಗೆ ಹೇಳಿ. ಆ ನೋಟ್‌ಬುಕ್ ಬರೆಯುವವರನ್ನು ಮಾತ್ರ ಬಿಡಬೇಡಿ.

ಸಾಮಾನಿಗೆ ಗೆರಟೆ ಕೊಡಿ, ಅಂಚು ಕಲ್ಲಿಗೆ ತಿಕ್ಕಿ ನುಣ್ಣಗೆ ಮಾಡಿ. ಹಳೆ ಸೌಟು, ಸ್ಟೀಲ್ ಲೋಟ, ಮುಚ್ಚಳ ಇರುವ ಡಬ್ಬಿ, ಕಾಟನ್ ಸೀರೆಯ ತುಂಡು, ತೆಂಗಿನ ನಾರಿನ ಬ್ರಷ್. ತಿಸ್ರೆ ಚಿಪ್ಪು (ಕಪ್ಪೆಚಿಪ್ಪು) ಕೊಡುವುದಾದರೆ ಸಮುದ್ರದಲ್ಲಿ ಸವೆದು ಅಂಚು ಹೋದ, ದೊಡ್ಡ ಚಿಪ್ಪೇ ಆರಿಸಿ. ಹುಣಸೆ ಬೀಜ, ಮಂಜೊಟ್ಟಿ ಅನ್ನುವ ಕೆಂಪು ಕಾಳು, ಶೇಂಗಾ ಈ ವಯಸ್ಸಿಗೆ ಬೇಡವೇ ಬೇಡ, ಗಂಟಲಿಗೆ ಸಿಕ್ಕುತ್ತವೆ. ಗುಲಗಂಜಿ ಇದ್ದರೆ ತೆಗೆದು ಹಾಕಲು ಹೇಳಿ, ಚೆಂದ ಕಾಣುತ್ತದೆ, ಆದರೆ ಜಗಿದರೆ ವಿಷ. ಬೀಚಿನ ಮರಳು ಕೊಡುವುದಾದರೆ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ ಕೊಡಿ, ಸಂಜೆ ಹೊತ್ತಿಗೆ ಅದರ ಮೇಲೆ ಏನಾದರೂ ಮುಚ್ಚಿ ಹೋಗುತ್ತಾರಾ ಅಂತಲೂ ಕೇಳಿ. ಬೆಕ್ಕುಗಳಿಗೆ ಅದು ಬೇರೆ ಉಪಯೋಗಕ್ಕೆ ಬರುತ್ತದೆ.